ಗದ್ದೆಗೆ ಯಂತ್ರ ಬಂದಾಗ ಉಳಿತಾಯ ಯಾರದು?

ಕಾರವಾರ, ಅಂಕೋಲೆಯ ಕಡೆ ಭತ್ತ ಬೆಳೆಯುವ ರೈತರು ಈಚಿನ ವರ್ಷಗಳಲ್ಲಿ ಕೃಷಿ ವಿಜ್ಞಾನಿಗಳನ್ನು ಕಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ: “ನಾಟಿ ಯಂತ್ರ ನಮ್ಮ ಗದ್ದೆಯಲ್ಲಿ ನಡೆಯುತ್ತದೆಯೇ?” ತಳಿ, ಗೊಬ್ಬರ, ರೋಗಗಳ ಮಾತು ಆಮೇಲೆ ಬರುತ್ತದೆ. ಹೀಗೆ ಕೇಳುವುದಕ್ಕೆ ಕಾರಣವೂ ಇದೆ. ಮಳೆ ಹಿಡಿದು ಗದ್ದೆ ಹದಕ್ಕೆ ಬಂದ ಹೊತ್ತಿಗೆ ಆಳು ಸಿಗದೆ, ಅಗೆ ಬಲಿತು, ನಾಟಿ ತಡವಾಗಿ, ಇಳುವರಿ ಕುಗ್ಗಿದ ಅನುಭವ ಬಹಳ ಮಂದಿಗೆ ಆಗಿದೆ. ಬೇಸತ್ತು ಗದ್ದೆಯನ್ನೇ ಬೀಳು ಬಿಟ್ಟವರೂ ಇದ್ದಾರೆ.

ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಗದ್ದೆ ಸಮತಟ್ಟಾಗಿದ್ದು, ಕಾಲು ಒಂದು ಗೇಣಿಗಿಂತ ಆಳಕ್ಕೆ ಹೂಳದಿದ್ದರೆ, ಯಂತ್ರ ಇಳಿಸುವುದಕ್ಕೆ ದಾರಿಯಿದ್ದರೆ, ನಡೆಯುತ್ತದೆ. ಆದರೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾರೂ ಕೇಳುತ್ತಿಲ್ಲ. ಯಂತ್ರ ನಾಟಿ ಮಾಡಿದ ಮೇಲೆ, ಇಷ್ಟು ವರ್ಷ ಆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಹೆಂಗಸರ ಕೂಲಿ ಏನಾಗುತ್ತದೆ? ಆ ಕೂಲಿಯ ಹಣ ಯಾರ ಕೈ ಸೇರುತ್ತದೆ?

ಇದು ಬೇಸಾಯ ಶಾಸ್ತ್ರದವರ ಪ್ರಶ್ನೆಯಲ್ಲ, ಅರ್ಥಶಾಸ್ತ್ರದವರದು ಎಂದು ನೀವು ಹೇಳಬಹುದು. ನಾನು ಹಾಗೆ ಎಣಿಸುವುದಿಲ್ಲ. ಯಂತ್ರವನ್ನು ಶಿಫಾರಸು ಮಾಡುವವರು ಅದರ ಫಲವನ್ನೂ ಎಣಿಸಬೇಕು. ಯಂತ್ರ ಬೇಡವೆಂಬುದು ನನ್ನ ವಾದವಲ್ಲ. ಅದಿಲ್ಲದೆ ನಮ್ಮ ಕರಾವಳಿಯ ಭತ್ತ ಉಳಿಯುವುದು ಕಷ್ಟ. ಆದರೆ ಯಂತ್ರ ಯಾರದಾಗಿರುತ್ತದೆ, ಅದರಿಂದ ಉಳಿದ ಹಣ ಊರಿನಲ್ಲಿ ನಿಲ್ಲುತ್ತದೆಯೇ ಇಲ್ಲವೇ ಎಂಬುದನ್ನು ಯಂತ್ರ ಗದ್ದೆಗೆ ಇಳಿಯುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಇಳಿದ ಮೇಲೆ ಆ ಮಾತು ಆಡಿ ಪ್ರಯೋಜನವಿಲ್ಲ.

ಕಡಲ ದಂಡೆ ಕಲಿಸಿದ ಪಾಠ

ಯಂತ್ರ ಬಂದು ಕೆಲಸ ಹೋಗುವುದು ನಮ್ಮ ಕರಾವಳಿಗೆ ಹೊಸತಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ಅದು ಸಮುದ್ರದಲ್ಲಿ ನಡೆದುಹೋಗಿದೆ. ಹಿರಿಯರಿಗೆ ರಂಪಣಿ ಬಲೆ ನೆನಪಿರಬೇಕು. ಒಂದು ಕಿಲೋಮೀಟರಿಗೂ ಮಿಕ್ಕಿದ ಉದ್ದದ ಬಲೆ ಅದು. ದಂಡೆಯ ಹತ್ತಿರ ಬಂದ ಬಂಗಡೆಯ, ತಾರ್ಲೆಯ ಹಿಂಡನ್ನು ದೋಣಿಯಿಂದ ಬಲೆ ಬಿಡುತ್ತ ಸುತ್ತುವರಿದು, ಎರಡು ಕಡೆಯ ಹಗ್ಗವನ್ನು ದಂಡೆಯಲ್ಲಿ ನಿಂತು ಎಳೆಯುತ್ತಿದ್ದರು. ಒಂದು ಬಲೆಗೆ ಎಂಬತ್ತರಿಂದ ನೂರು ಜನ ಬೇಕಾಗುತ್ತಿತ್ತು. ಎಳೆದವನಿಗೆ ಪಾಲು ಇತ್ತು. ಬುಟ್ಟಿ ಹೊತ್ತವಳಿಗೆ, ಮಾರಿದವಳಿಗೆ, ಒಣಗಿಸಿದವಳಿಗೆ ಅದರದರ ದುಡಿಮೆ ಇತ್ತು.

1970ರ ದಶಕದ ನಡುಭಾಗದಲ್ಲಿ ನಮ್ಮ ರಾಜ್ಯದ ಕರಾವಳಿಗೆ ಪರ್ಸಿನ್ ಬೋಟುಗಳು ಬಂದವು. ಎಂಜಿನ್ ಇರುವ ಬೋಟು ಆಳ ನೀರಿಗೆ ಹೋಗಿ, ಹಿಂಡು ದಂಡೆಗೆ ಬರುವ ಮೊದಲೇ ಅದನ್ನು ಸುತ್ತಿ, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಬಿಗಿದು ಎತ್ತಿಬಿಡುತ್ತದೆ. ಇದಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಸಾಕು. ಕೆಲವೇ ವರ್ಷಗಳಲ್ಲಿ, ಅಂದರೆ 1980ರ ದಶಕದ ಆರಂಭದ ಹೊತ್ತಿಗೆ, ರಂಪಣಿ ಹೆಚ್ಚುಕಡಿಮೆ ಮೂಲೆ ಸೇರಿತು.

ಇದರಲ್ಲಿ ಗಮನಿಸಬೇಕಾದ ಅಂಶ ಇದು. ಹಿಡಿಯುವ ಮೀನೇನೂ ಕಡಿಮೆಯಾಗಲಿಲ್ಲ. ಬಂದರಿಗೆ ಮೀನು ಬಂತು, ವ್ಯಾಪಾರ ಬೆಳೆಯಿತು, ಐಸು ಕಾರ್ಖಾನೆಗಳಾದವು. ಬದಲಾದದ್ದು ಪಾಲಿನ ಲೆಕ್ಕ. ರಂಪಣಿಯಲ್ಲಿ ಪಾಲು ಪಡೆಯುವುದಕ್ಕೆ ಎರಡು ತೋಳು ಸಾಕಾಗಿತ್ತು. ಬೋಟಿನಲ್ಲಿ ದೊಡ್ಡ ಪಾಲು ಪಡೆಯುವುದಕ್ಕೆ ಬಂಡವಾಳ ಬೇಕಾಯಿತು. ಬಂಡವಾಳ ಹೂಡಿದವರು ಯಜಮಾನರಾದರು. ಹೂಡಲಾರದವರಲ್ಲಿ ಕೆಲವರು ಬೋಟಿನ ಆಳಾದರು, ಉಳಿದವರು ಬೇರೆ ದುಡಿಮೆ ಹುಡುಕಿದರು. ಬೋಟನ್ನು ದೂರಿ ಫಲವಿಲ್ಲ. ಹಗ್ಗ ಎಳೆಯುತ್ತಿದ್ದ ನೂರು ಜನರಿಗೆ ಆ ಬೋಟಿನಲ್ಲಿ ಏನು ಪಾಲು ಎಂಬ ಮಾತು ಮೊದಲೇ ತೀರ್ಮಾನವಾಗಬೇಕಿತ್ತು. ಈಗ ನಾಟಿ ಯಂತ್ರ, ಕಟಾವು ಯಂತ್ರಗಳು ಗದ್ದೆಗೆ ಬರುತ್ತಿರುವಾಗ ಅದೇ ಮಾತು ನಮ್ಮ ಮುಂದಿದೆ.

“ಆಳು ಸಿಗುವುದಿಲ್ಲ” ಎಂದರೆ ಏನರ್ಥ?

ಆಳು ಸಿಗುವುದಿಲ್ಲ ಎಂಬುದು ನಿಜ. ಆದರೆ ಪೂರ್ತಿ ನಿಜವಲ್ಲ. ಈ ಎರಡು ತಾಲೂಕುಗಳಲ್ಲಿ ಓದು ಕಲಿತ ಯುವಕರು ಗದ್ದೆಗೆ ಇಳಿಯುವುದಿಲ್ಲ. ಹತ್ತಿರದ ಗೋವೆಗೆ, ಬೆಂಗಳೂರಿಗೆ, ಹೆದ್ದಾರಿಯ ಹೋಟೆಲುಗಳಿಗೆ, ಕೈಗಾ ಸ್ಥಾವರ ಮತ್ತು ನೌಕಾನೆಲೆಯ ಗುತ್ತಿಗೆ ಕೆಲಸಗಳಿಗೆ ಹೋಗುತ್ತಾರೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆಗಾಗಿ ಕಾರವಾರ ಮತ್ತು ಅಂಕೋಲೆಯ ಎಷ್ಟೋ ಕುಟುಂಬಗಳು ಭೂಮಿಯನ್ನೇ ಬಿಟ್ಟುಕೊಟ್ಟವು. ಭೂಮಿ ಹೋದ ಮೇಲೆ ಬೇಸಾಯದ ನಂಟು ಕಡಿಯುವುದು ಸಹಜ.

ಹೀಗೆ ಗದ್ದೆ ಬಿಟ್ಟು ಹೋದವರ ಜಾಗದಲ್ಲಿ ಯಂತ್ರ ಬಂದರೆ ಯಾರಿಗೂ ನಷ್ಟವಿಲ್ಲ. ಆದರೆ ಎಲ್ಲರೂ ಹೋಗಿಲ್ಲ. ನಲವತ್ತು ದಾಟಿದ, ಐವತ್ತು ದಾಟಿದ ಹೆಂಗಸರು ಊರಿನಲ್ಲೇ ಇದ್ದಾರೆ. ಅಂಕೋಲೆಯ ಕಡೆಯ ನಾಟಿ, ಕಳೆ, ಕಟಾವುಗಳಲ್ಲಿ ಹಾಲಕ್ಕಿ ಒಕ್ಕಲು ಹೆಂಗಸರ ದುಡಿಮೆ ಎಷ್ಟು ದೊಡ್ಡದೆಂಬುದನ್ನು ಹೇಳಬೇಕಾದುದಿಲ್ಲ. ಇವರು ಗೋವೆಗೆ ಹೋಗಿ ಹೋಟೆಲಿನಲ್ಲಿ ದುಡಿಯಲಾರರು. ಇವರಿಗೆ ಗೊತ್ತಿರುವ ಕಸುಬು ಗದ್ದೆಯದು. ಮಳೆ ಹಿಡಿದ ಆ ಎರಡು ಮೂರು ವಾರಗಳಲ್ಲಿ ಎಲ್ಲರ ಗದ್ದೆಗೂ ಇವರೇ ಒಂದೇ ದಿನ ಬೇಕಾಗುವುದರಿಂದ “ಆಳು ಸಿಗುವುದಿಲ್ಲ” ಎನ್ನುತ್ತೇವೆ. ಉಳಿದ ದಿನ ಇವರಿಗೆ ಕೆಲಸ ಸಿಗುವುದಿಲ್ಲ.

ಹೊರಗಿನ ಎರಡು ದೇಶಗಳ ಅನುಭವ ಇಲ್ಲಿ ತಿಳಿಯತಕ್ಕದ್ದು. ನಾಟಿ ಯಂತ್ರ ರೂಢಿಗೆ ಬಂದದ್ದು ಜಪಾನಿನಲ್ಲಿ, 1970ರ ದಶಕದಲ್ಲಿ. ಅಷ್ಟರೊಳಗೆ ಅಲ್ಲಿಯ ಹಳ್ಳಿಯ ಮಕ್ಕಳು ಕಾರ್ಖಾನೆಗಳಿಗೆ ಹೋಗಿಯಾಗಿತ್ತು, ಅಲ್ಲಿ ಗದ್ದೆಗಿಂತ ಹೆಚ್ಚಿನ ಸಂಬಳ ಪಡೆಯುತ್ತಿದ್ದರು. ಕೈಗಳು ಹೋದ ಮೇಲೆ ಯಂತ್ರ ಬಂತು. ಆದ್ದರಿಂದ ಯಾರ ಅನ್ನವೂ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ 1830ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ತೆನೆ ಬಡಿಯುವ ಯಂತ್ರ ಬಂದಾಗ ಹಳ್ಳಿಗಳಲ್ಲಿ ಕೈಗಳು ಬೇಕಾದಷ್ಟಿದ್ದವು, ಬೇರೆ ಕೆಲಸ ಇರಲಿಲ್ಲ. ದಕ್ಷಿಣ ಇಂಗ್ಲೆಂಡಿನ ಕೂಲಿಗಾರರು ಸಿಟ್ಟಿಗೆದ್ದು ಯಂತ್ರಗಳನ್ನು ಒಡೆದುಹಾಕಿದರು. ಸರಕಾರ ಕೆಲವರನ್ನು ಗಲ್ಲಿಗೇರಿಸಿತು, ನೂರಾರು ಜನರನ್ನು ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಿತು.

ಆ ಕೂಲಿಗಾರರ ಸಿಟ್ಟಿಗೆ ಒಂದು ವಿಶೇಷ ಕಾರಣವಿತ್ತು. ತೆನೆ ಬಡಿಯುವುದು ಚಳಿಗಾಲದ ಕೆಲಸ. ಹೊಲದಲ್ಲಿ ಬೇರೇನೂ ಕೆಲಸವಿಲ್ಲದ ತಿಂಗಳುಗಳಲ್ಲಿ ಅದೊಂದೇ ಅವರ ಹೊಟ್ಟೆ ಹೊರೆಯುತ್ತಿತ್ತು. ಯಂತ್ರ ಆ ತಿಂಗಳುಗಳನ್ನೇ ಕಿತ್ತುಕೊಂಡಿತು. ಆದುದರಿಂದ ಯಂತ್ರ ಎಷ್ಟು ದಿನದ ಕೂಲಿ ಕಳೆಯುತ್ತದೆ ಎಂದು ಎಣಿಸಿದರೆ ಸಾಲದು, ಯಾವ ತಿಂಗಳ ಕೂಲಿ ಕಳೆಯುತ್ತದೆ ಎಂದೂ ಕೇಳಬೇಕು.

ಜೂನ್, ಜುಲೈ ತಿಂಗಳ ಕೂಲಿ

ಈ ಪ್ರಶ್ನೆಯನ್ನು ನಮ್ಮ ಊರಿಗೆ ಹಾಕಿ ನೋಡೋಣ. ನಾಟಿ ಆಗುವುದು ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಬಂದರಿನ ಕೆಲಸ ನಿಲ್ಲುತ್ತದೆ, ಮೀನು ಮಾರುವ ಹೆಂಗಸರ ಬುಟ್ಟಿ ಹಗುರಾಗುತ್ತದೆ. ಮಳೆಯಲ್ಲಿ ಚಿರೇಕಲ್ಲಿನ ಕ್ವಾರಿ ನಡೆಯುವುದಿಲ್ಲ, ಮನೆ ಕಟ್ಟುವ ಕೆಲಸ ನಡೆಯುವುದಿಲ್ಲ, ಉಪ್ಪಿನಾಗರ ಮುಚ್ಚಿರುತ್ತದೆ. ಅದೇ ಹೊತ್ತಿಗೆ ಶಾಲೆ ತೆರೆಯುತ್ತದೆ. ಮಕ್ಕಳ ಪುಸ್ತಕ, ಕೊಡೆ, ಬಟ್ಟೆಯ ಖರ್ಚು ಬರುತ್ತದೆ. ಮನೆಯ ಕಣಜದಲ್ಲಿ ಹಳೆಯ ಅಕ್ಕಿ ತಳ ಕಂಡಿರುತ್ತದೆ.

ಇಂಥ ಎರಡು ತಿಂಗಳಲ್ಲಿ ಭೂಮಿಯಿಲ್ಲದ ಮನೆಗೆ ಕೈಗೆ ಬರುವ ನಗದು ಎಂದರೆ ನಾಟಿಯ ಕೂಲಿ. ಇಂಗ್ಲೆಂಡಿನ ಕೂಲಿಗಾರನಿಗೆ ಚಳಿಗಾಲ ಹೇಗೋ ನಮ್ಮ ಹೆಂಗಸರಿಗೆ ಆಷಾಢ ಹಾಗೆ.

ಕಟಾವಿನ ಮಾತು ಸ್ವಲ್ಪ ಬೇರೆ. ಅಕ್ಟೋಬರ್, ನವೆಂಬರಿನಲ್ಲಿ ಸಮುದ್ರ ತೆರೆದಿರುತ್ತದೆ, ಕಟ್ಟಡದ ಕೆಲಸ ಆರಂಭವಾಗಿರುತ್ತದೆ. ಆಗ ಕಟಾವು ಯಂತ್ರ ಬಂದರೆ ಕೂಲಿಯ ಪೆಟ್ಟು ಅಷ್ಟು ಜೋರಾಗಿ ಬೀಳುವುದಿಲ್ಲ. ಮಾಗಿದ ಬೆಳೆಯ ಮೇಲೆ ಅಕಾಲ ಮಳೆ ಹೊಯ್ದು ಕಾಳು ಮೊಳೆಯುವುದಕ್ಕಿಂತ, ಗಂಟೆಗೆ ಸುಮಾರು ಒಂದು ಎಕರೆ ಕೊಯ್ದು ಮುಗಿಸುವ ಯಂತ್ರ ಮೇಲು. ಎರಡೂ ಯಂತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಒಂದು ಸಣ್ಣ ಲೆಕ್ಕ

ಈಗ ಪೆನ್ಸಿಲು ತೆಗೆದುಕೊಂಡು ಒಂದು ಲೆಕ್ಕ ಹಾಕೋಣ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರಗಳನ್ನು ಹಾಕಿಕೊಂಡು ನೀವೇ ಎಣಿಸಿ.

ಹತ್ತು ಎಕರೆಯ ಒಂದು ಗದ್ದೆಬಯಲು ಇದೆಯೆಂದಿಟ್ಟುಕೊಳ್ಳಿ. ಅಗೆ ಕೀಳುವುದೂ ಸೇರಿ ಎಕರೆಗೆ 14 ಹೆಣ್ಣಾಳು ಬೇಕೆಂದರೆ ಒಟ್ಟು 140 ಆಳು. ದಿನಕ್ಕೆ 400 ರೂಪಾಯಿಯಂತೆ 56,000 ರೂಪಾಯಿ. ಹೊರಗಿನಿಂದ ಯಂತ್ರ ತರಿಸಿ, ಅಗೆಯನ್ನೂ ಅವರಿಂದಲೇ ಕೊಂಡು, ಎಕರೆಗೆ 4,500 ರೂಪಾಯಿಯಂತೆ ಕೊಟ್ಟರೆ 45,000 ರೂಪಾಯಿ. ರೈತರಿಗೆ ಉಳಿದದ್ದು 11,000 ರೂಪಾಯಿ, ಎಕರೆಗೆ 1,100.

ಇದು ರೈತನ ಲೆಕ್ಕ. ಊರಿನ ಲೆಕ್ಕ ಬೇರೆ. ಮೊದಲು 56,000 ರೂಪಾಯಿ ಅದೇ ಊರಿನ ಮನೆಗಳಿಗೆ ಹೋಗುತ್ತಿತ್ತು. ಅದರಲ್ಲಿ ಬಹುಪಾಲು ಅದೇ ಊರಿನ ಅಂಗಡಿಯಲ್ಲಿ, ವಾರದ ಸಂತೆಯಲ್ಲಿ, ತರಕಾರಿ ಮಾರುವವಳ ಹತ್ತಿರ ಖರ್ಚಾಗುತ್ತಿತ್ತು. ಈಗ 45,000 ರೂಪಾಯಿ ಯಂತ್ರದ ಜೊತೆಗೆ ಊರ ಹೊರಗೆ ಹೋಯಿತು. ರೈತನಿಗೆ 11,000 ಉಳಿಸಿಕೊಡುವುದಕ್ಕಾಗಿ ಊರು 45,000 ಕಳೆದುಕೊಂಡಿತು.

ಅದೇ ಯಂತ್ರ ಊರಿನ ಸಂಘದ್ದಾಗಿದ್ದರೆ? ಅಗೆಯ ತಟ್ಟೆ ತುಂಬುವುದು, ನೀರು ಹಾಕುವುದು, ಹೊತ್ತು ತರುವುದು, ಮೂಲೆ ಮತ್ತು ತಪ್ಪಿದ ಜಾಗಗಳಲ್ಲಿ ಕೈಯಿಂದ ನೆಡುವುದು, ಇವಕ್ಕೆ ಎಕರೆಗೆ 5 ಆಳು ಬೇಕೆಂದು ಹಿಡಿಯೋಣ. ಹತ್ತು ಎಕರೆಗೆ 50 ಆಳು, 20,000 ರೂಪಾಯಿ. ಅದು ಊರಿನ ಹೆಂಗಸರಿಗೇ ಸಿಗುತ್ತದೆ. ಉಳಿದ 25,000ದಲ್ಲಿ ಓಡಿಸುವವರ ಸಂಬಳ, ಬೀಜ, ಎಣ್ಣೆ, ರಿಪೇರಿ, ಸಾಲದ ಕಂತು ಹೋಗಿ ಏನಾದರೂ ಉಳಿದರೆ ಅದು ಸಂಘದ್ದು. ರೈತನಿಗೆ ಆಗಲೂ ಅದೇ 11,000 ಉಳಿತಾಯ. 140 ಆಳಿನ ಜಾಗದಲ್ಲಿ 50 ಆಯಿತು. 90 ಆಳು ಕಡಿಮೆಯಾದದ್ದು ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಆ 90ನ್ನು ಎಲ್ಲಿಂದ ತುಂಬಬಹುದು ಎಂಬುದನ್ನು ಮುಂದೆ ನೋಡೋಣ.

ಏನು ಮಾಡಬಹುದು?

1. ಯಂತ್ರ ಮೊದಲು ಬೀಳು ಗದ್ದೆಗೆ ಇಳಿಯಲಿ. ಬೀಳು ಬಿದ್ದ ಗದ್ದೆ ಯಾರಿಗೂ ಕೂಲಿ ಕೊಡುವುದಿಲ್ಲ. ಅಲ್ಲಿ ಯಂತ್ರದಿಂದ ನಾಟಿಯಾದರೆ ಒಬ್ಬರ ಕೂಲಿಯೂ ಹೋಗದೆ, ಕಳೆ, ಗೊಬ್ಬರ, ಒಕ್ಕಲಿನ ಕೆಲಸ ಹೊಸದಾಗಿ ಹುಟ್ಟುತ್ತದೆ. ಬೀಳು ಗದ್ದೆಯಲ್ಲಿ ಬೆಳೆದ ಗಿಡಗಂಟಿ, ಅಲ್ಲಿ ಅಡಗುವ ಕಾಡುಹಂದಿ ಪಕ್ಕದ ಗದ್ದೆಯವನಿಗೂ ಕಾಟ. ಬಯಲಿನಲ್ಲಿ ನಾಲ್ಕು ಗದ್ದೆ ಬೀಳಿದ್ದರೆ ಐದನೆಯದೂ ಬೀಳು ಬೀಳುತ್ತದೆ. ಆದುದರಿಂದ ಸಂಘದವರು ಮಳೆಗಾಲಕ್ಕೆ ಮೊದಲೇ ಬೀಳು ಗದ್ದೆಗಳ ಪಟ್ಟಿ ಮಾಡಿ, ಊರು ಬಿಟ್ಟಿರುವ ಮಾಲೀಕರಿಗೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು. ಕೈಯಲ್ಲಿ ನಾಟಿ ಮಾಡುವ ಆಳು ಸಿಗುವ ಗದ್ದೆಗಳ ಸರದಿ ಕೊನೆಗೆ ಬರಲಿ.

2. ಒಬ್ಬೊಬ್ಬರೇ ಯಂತ್ರ ಕೊಳ್ಳಬೇಡಿ. ನಡೆದು ಓಡಿಸುವ ನಾಲ್ಕು ಸಾಲಿನ ನಾಟಿ ಯಂತ್ರ ದಿನಕ್ಕೆ ಸುಮಾರು ಎರಡೂವರೆ ಎಕರೆ ನಾಟಿ ಮಾಡುತ್ತದೆ. ನಮ್ಮ ಕಡೆ ಒಂದು ಎಕರೆ, ಅರ್ಧ ಎಕರೆ, ಕೆಲವರಿಗೆ ಗುಂಟೆಗಳ ಲೆಕ್ಕದ ಹಿಡುವಳಿ. ಒಂದು ಎಕರೆಯವನ ಯಂತ್ರ ಅರ್ಧ ದಿನ ಓಡಿ ಉಳಿದ ವರ್ಷವೆಲ್ಲ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಸಾಲದ ಬಡ್ಡಿಗೆ ಮಾತ್ರ ರಜೆಯಿಲ್ಲ. ಹಂಗಾಮಿನಲ್ಲಿ 20 ದಿನ ಓಡಿದರೂ 50 ಎಕರೆಯ ಕೆಲಸ ಬೇಕು. ಅಂದರೆ ಐವತ್ತರವತ್ತು ಮನೆಯವರು ಸೇರಬೇಕು. ಮುಯ್ಯಾಳು ಪದ್ಧತಿ ಗೊತ್ತಿರುವ ನಮಗೆ ಇದು ಹೊಸ ವಿಚಾರವಲ್ಲ. ಅಂದು ಆಳಿಗೆ ಆಳು ಕೊಟ್ಟು ತೀರಿಸಿದೆವು, ಇಂದು ಯಂತ್ರದ ಗಂಟೆಯನ್ನು ಸರದಿಯಲ್ಲಿ ಹಂಚಿಕೊಳ್ಳಬೇಕು. ಕೊಳ್ಳುವ ಮೊದಲು ಒಂದೆರಡು ವರ್ಷ ಬಾಡಿಗೆಗೆ ತಂದು ಪರೀಕ್ಷಿಸುವುದು ಒಳ್ಳೆಯದು. ರಾಜ್ಯದಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಇದಕ್ಕಾಗಿಯೇ ಇವೆ. ವಿವರವನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

3. ನಾಟಿಯ ಹೆಂಗಸರಿಗೆ ಸಂಘದಲ್ಲಿ ಪಾಲು ಇರಲಿ. ಇದೇ ಮುಖ್ಯವಾದ ಮಾತು. ಸಂಘವೆಂದರೆ ಗದ್ದೆ ಇರುವವರದು ಮಾತ್ರ ಎಂದು ತಿಳಿಯಬಾರದು. ಗದ್ದೆಯಿಲ್ಲದೆ ದುಡಿಯುವವರೂ ಸಣ್ಣ ಷೇರು ಹಾಕಿ ಸದಸ್ಯರಾಗಬೇಕು. ಷೇರಿನ ಹಣ ಒಮ್ಮೆಲೇ ಕೊಡಲಾಗದವರು ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಟ್ಟರಾಯಿತು. ಊರಿನ ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳಿಗೆ ಉಳಿತಾಯದ ಅಭ್ಯಾಸ, ಲೆಕ್ಕ ಬರೆಯುವ ಅಭ್ಯಾಸ ಈಗಾಗಲೇ ಇದೆ. ಕೇಂದ್ರ ಸರಕಾರ 2023ರಲ್ಲಿ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಿಂಪರಣೆಯ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ನೀಡಿತು. ತೆಂಗಿನ ಮರಗಳ ನಡುವಿನ ನಮ್ಮ ಸಣ್ಣ ಗದ್ದೆಗಳಿಗೆ ಡ್ರೋನಿಗಿಂತ ನಾಟಿ ಯಂತ್ರವೇ ಹೆಚ್ಚು ಉಪಯೋಗ. ಆದರೆ ಆ ಯೋಜನೆಯ ಹಿಂದಿನ ತತ್ವ ಸರಿಯಾದುದು: ಯಂತ್ರ ಯಾರ ಕೆಲಸವನ್ನು ಕಡಿಮೆ ಮಾಡುತ್ತದೆಯೋ ಅವರನ್ನೇ ಅದರ ಒಡೆಯರನ್ನಾಗಿ ಮಾಡಬಹುದು.

4. ಅಗೆ ಬೆಳೆಸುವ ಕೆಲಸ ಅವರಿಗೇ ಇರಲಿ. ಯಂತ್ರದ ನಾಟಿಯಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಅಗೆಯ ತಟ್ಟೆಯಲ್ಲಿ. ಎಕರೆಗೆ 80ರಿಂದ 100 ತಟ್ಟೆ ಬೇಕು. ಜರಡಿ ಹಿಡಿದ ಮಣ್ಣಿಗೆ ಪುಡಿ ಗೊಬ್ಬರ ಬೆರೆಸಿ, ಮೊಳಕೆ ಬಂದ ಬೀಜವನ್ನು ಒಂದೇ ಸಮನಾಗಿ ಉದುರಿಸಬೇಕು. ಎಲ್ಲಿ ಬೀಜ ತೆಳುವಾಯಿತೋ ಅಲ್ಲಿ ಯಂತ್ರದ ಕೈ ಬರಿದಾಗಿ ಹೋಗಿ ಗದ್ದೆಯಲ್ಲಿ ಸಸಿ ತಪ್ಪುತ್ತದೆ. 15ರಿಂದ 18 ದಿನಕ್ಕೆ ಅಗೆ ಸಿದ್ಧವಾಗಬೇಕು. ಬಲಿತರೆ ಯಂತ್ರಕ್ಕೆ ಆಗುವುದಿಲ್ಲ. ನಮ್ಮ ಜೂನ್ ತಿಂಗಳ ಮಳೆ ತಟ್ಟೆಯ ಮಣ್ಣನ್ನು ಕೊಚ್ಚಿಕೊಂಡು ಹೋಗುವುದರಿಂದ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಇಟ್ಟು, ಬಿದಿರಿನ ಬಿಲ್ಲು ಕಟ್ಟಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಬಿಸಿಲು ಬಂದಾಗ ಹಾಳೆ ಸರಿಸಬೇಕು. ಇದು ದಿನಕ್ಕೆ ಮೂರು ಸಲ ಕಣ್ಣಿಟ್ಟು ನೋಡುವವರ ಕೆಲಸ.

ಈ ಕಣ್ಣು ನಮ್ಮ ಹೆಂಗಸರಿಗೆ ಇದೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಗೆ ಸೇರಿ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದನ್ನು ಕೈಯಿಂದಲೇ ಕಲಿತರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಿದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೂಲಿಯವಳೆಂದು ಕರೆಯುವವಳ ಕೈಯಲ್ಲಿ ಎಂಥ ವಿದ್ಯೆ ಇರಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಊರಿನ ಐದಾರು ಹೆಂಗಸರ ಒಂದು ಗುಂಪು 50 ಎಕರೆಗೆ ಬೇಕಾಗುವ ಅಗೆಯನ್ನು ಸರದಿಯ ಮೇಲೆ ಬೆಳೆಸಿ ಮಾರಿದರೆ, ಅವರಿಗೆ ಆಷಾಢದ ಕೂಲಿಯೂ ಉಳಿಯಿತು, ರೈತರಿಗೆ ಒಳ್ಳೆಯ ಅಗೆಯೂ ಸಿಕ್ಕಿತು.

5. ಯಂತ್ರ ಓಡಿಸುವುದನ್ನೂ ಕಲಿಸಿ. ಪವರ್ ಟಿಲ್ಲರ್ ಬಂದಾಗ ಎತ್ತು ಹೂಡುತ್ತಿದ್ದ ಗಂಡಸು ಟಿಲ್ಲರ್ ಹಿಡಿದ. ಅವನ ಕೆಲಸ ಬದಲಾಯಿತು, ಹೋಗಲಿಲ್ಲ. ನಾಟಿ ಹೆಂಗಸರ ಕೆಲಸ. ಆದರೆ ನಾಟಿ ಯಂತ್ರದ ಹಿಡಿಕೆ ಮತ್ತೆ ಗಂಡಸಿನ ಕೈಗೇ ಹೋಗುತ್ತಿದೆ. ಇದಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ. ಬದು ದಾಟಿಸುವಾಗ ಇನ್ನಿಬ್ಬರು ಕೈ ಹಾಕಬೇಕು, ಅಷ್ಟೆ. ಸಾಲು ನೇರವಾಗಿ ಹಿಡಿಯುವ ಕಣ್ಣಳತೆ ಮುಖ್ಯ. ಅದು ಹತ್ತಾರು ವರ್ಷ ನಾಟಿ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಕೃಷಿ ಇಲಾಖೆಗೆ ತರಬೇತಿಗಾಗಿ ಅರ್ಜಿ ಬರೆಯುವಾಗ ಹೆಂಗಸರ ಹೆಸರನ್ನೂ ಬರೆಯಿರಿ.

6. ಕಡಿಮೆಯಾದ ಆಳಿಗೆ ಬೇಸಗೆಯ ಬೆಳೆ ಬೆಳೆಯಿರಿ. ಮೇಲಿನ ಲೆಕ್ಕದಲ್ಲಿ 90 ಆಳು ಕಡಿಮೆಯಾಯಿತಷ್ಟೆ. ಶೇಂಗಾ ಬೆಳೆಗೆ ಬಿತ್ತುವುದರಿಂದ ಕಾಯಿ ಬಿಡಿಸುವವರೆಗೆ ಎಕರೆಗೆ 30 ಆಳಿನ ಕೆಲಸವಾದರೂ ಇದೆ. ಆ ಹತ್ತು ಎಕರೆಯಲ್ಲಿ ನೀರಿನ ಅನುಕೂಲವಿರುವ, ಮರಳು ಮಿಶ್ರಿತ ಮೂರು ಎಕರೆಯಲ್ಲಿ ಭತ್ತ ಕೊಯ್ದ ಮೇಲೆ ಶೇಂಗಾ ಹಾಕಿದರೆ 90 ಆಳಿನ ಕೆಲಸ ಮರಳಿ ಬಂತು. ಬದನೆ, ಹರಿವೆ, ಗೆಣಸು, ಮೆಣಸಿನಕಾಯಿಗೆ ಇದಕ್ಕಿಂತಲೂ ಹೆಚ್ಚು ಕೈಗಳು ಬೇಕು. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಆ ಹಣ್ಣನ್ನು ಪೆಟ್ಟಾಗದಂತೆ ಕೊಯ್ದು, ಆರಿಸಿ, ಹುಲ್ಲಿನಲ್ಲಿ ಇಟ್ಟು ಹಣ್ಣು ಮಾಡುವ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. ನಾಟಿಯಲ್ಲಿ ಉಳಿದ ಎಕರೆಗೆ 1,100 ರೂಪಾಯಿಯನ್ನು ಬೇಸಗೆಯ ಬೀಜಕ್ಕೆ ತೊಡಗಿಸಿದರೆ ಉಳಿತಾಯಕ್ಕೆ ಅರ್ಥ ಬರುತ್ತದೆ. ಆದರೆ ಬೇಸಗೆಯ ಕೂಲಿ ಆಷಾಢದ ಹಸಿವಿಗೆ ತಾನಾಗಿ ಒದಗುವುದಿಲ್ಲ. ಬೇಸಗೆಯ ಗಳಿಕೆಯಲ್ಲಿ ಸ್ವಲ್ಪ ಭಾಗವನ್ನು ಗುಂಪಿನಲ್ಲಿಟ್ಟು, ಜೂನ್ ತಿಂಗಳಲ್ಲಿ ಬಡ್ಡಿಯಿಲ್ಲದೆ ಮುಂಗಡ ಕೊಡುವ ಏರ್ಪಾಡನ್ನೂ ಮಾಡಿಕೊಳ್ಳಬೇಕು.

7. ಕಳೆಗೆ ಔಷಧಿ ಹೊಡೆಯುವ ಮೊದಲು ಯೋಚಿಸಿ. ಯಂತ್ರದ ನಾಟಿಯಲ್ಲಿ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರವಿರುತ್ತದೆ. ಅದರ ನಡುವೆ ಕೋನೋವೀಡರ್ ತಳ್ಳಬಹುದು. ನಾಟಿಯಾದ 12-15 ದಿನಕ್ಕೆ ಒಮ್ಮೆ, ಆಮೇಲೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ತಳ್ಳಿದರೆ ಕಳೆ ಮಣ್ಣಿಗೆ ಸೇರಿ ಗೊಬ್ಬರವಾಗುತ್ತದೆ, ಬೇರಿಗೆ ಗಾಳಿಯಾಡುತ್ತದೆ. ಬಗ್ಗಿ ಕೀಳುವುದಕ್ಕಿಂತ ಹಗುರವಾದ ಈ ಕೆಲಸ ಜುಲೈ, ಆಗಸ್ಟ್ ತಿಂಗಳಲ್ಲೇ ಕೂಲಿ ಕೊಡುತ್ತದೆ. ನಾಟಿಗೆ ಯಂತ್ರ, ಕಳೆಗೆ ವಿಷ ಎಂದು ಎರಡನ್ನೂ ಒಟ್ಟಿಗೆ ತಂದರೆ ಆ ಬಾಗಿಲೂ ಮುಚ್ಚುತ್ತದೆ.

8. ಕಟಾವು ಯಂತ್ರ ತರಿಸುವಾಗ ಹುಲ್ಲನ್ನು ಮರೆಯಬೇಡಿ. ಬಾಡಿಗೆಯನ್ನು ಮಾತ್ರ ನೋಡಿ ಕಂಬೈನ್ ತರಿಸಿದವರು ಕಡೆಗೆ ಹುಲ್ಲು ಕೊಂಡದ್ದುಂಟು. ಯಂತ್ರ ಬಿಟ್ಟುಹೋಗುವ ಹುಲ್ಲು ಮುರಿದು, ಗದ್ದೆ ತೇವವಿದ್ದರೆ ಕೆಸರಿಗೆ ಸೇರಿ ಹಾಳಾಗುತ್ತದೆ. ಆಕಳು, ಎಮ್ಮೆ ಇರುವವರು ಹುಲ್ಲಿನ ಬೆಲೆಯನ್ನು ಬಾಡಿಗೆಗೆ ಕೂಡಿಸಿಯೇ ಲೆಕ್ಕ ಹಾಕಬೇಕು. ಯಂತ್ರದವನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಬರುವಾಗ ಹಿಂದಿನ ಗದ್ದೆಯ ಕಾಳು, ಕಳೆಬೀಜ ಜೊತೆಗೆ ಬರುತ್ತವೆ. ಇಳಿಯುವ ಮೊದಲು ಸ್ವಚ್ಛ ಮಾಡಿಸಿ. ಬೀಜಕ್ಕೆ ಇಟ್ಟುಕೊಳ್ಳುವ ಗದ್ದೆಯನ್ನು ಕೈಯಿಂದಲೇ ಕೊಯ್ಯಿಸಿ. ನದಿಮುಖದ ಗಜನಿ ಗದ್ದೆಗಳ ಆಳ ಕೆಸರಿನಲ್ಲಂತೂ ಭಾರದ ಯಂತ್ರದ ಆಟ ನಡೆಯುವುದಿಲ್ಲ. ಅಲ್ಲಿ ಕೈ ಕಟಾವು ಮುಂದುವರಿಯಲೇಬೇಕು. ಅದಕ್ಕಾಗಿಯಾದರೂ ಕೊಯ್ಯುವವರು ಊರಿನಲ್ಲಿ ಉಳಿಯಬೇಕಲ್ಲವೇ?

ಎರಡು ಆಕ್ಷೇಪಣೆಗಳು

ಇಷ್ಟೆಲ್ಲ ಯೋಚಿಸುವ ಜವಾಬ್ದಾರಿ ಒಂದು ಎಕರೆಯ ರೈತನ ಮೇಲೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭತ್ತದ ಬೆಲೆ, ಗೊಬ್ಬರದ ಬೆಲೆ ಅವನ ಕೈಯಲ್ಲಿಲ್ಲ. ಎಕರೆಗೆ ಸಾವಿರ ರೂಪಾಯಿ ಅವನಿಗೂ ದೊಡ್ಡದೇ. ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಸಂಘದ ಯಂತ್ರದಲ್ಲಿಯೂ ರೈತನ ಉಳಿತಾಯ ಅಷ್ಟೇ ಇದೆ. ಅವನಿಂದ ಕೇಳುವುದು ಹಣವನ್ನಲ್ಲ, ಮಳೆಗಾಲಕ್ಕೆ ಮೊದಲು ನಾಲ್ಕು ಸಭೆಗಳಿಗೆ ಬರುವುದನ್ನು.

ಸಂಘಗಳು ನಮ್ಮಲ್ಲಿ ನಡೆಯುವುದಿಲ್ಲ, ಜಗಳವಾಗುತ್ತದೆ ಎಂಬುದು ಇನ್ನೊಂದು ಮಾತು. ಮೊದಲು ಯಾರ ಗದ್ದೆ ಎಂಬಲ್ಲಿ ಜಗಳ ಹುಟ್ಟುವುದು ನಿಜ. ಅದಕ್ಕೆ ಗದ್ದೆಬಯಲಿನ ಮೇಲಿನ ಕೊನೆಯಿಂದ ಕೆಳಗಿನ ಕೊನೆಗೆ ಎಂಬಂಥ ಸರದಿಯನ್ನು ಮೇ ತಿಂಗಳಲ್ಲೇ ಬರೆದು ಗೋಡೆಗೆ ಅಂಟಿಸಬೇಕು. ಯಂತ್ರ ಇಳಿದ ದಿನ, ಓಡಿದ ಗಂಟೆ, ಬಂದ ಹಣ, ಆದ ರಿಪೇರಿಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಾಲಿನ ಸಂಘವನ್ನು ದಿನಕ್ಕೆರಡು ಹೊತ್ತು ನಡೆಸುವ ಹಳ್ಳಿಗೆ ವರ್ಷಕ್ಕೆ ಒಂದು ತಿಂಗಳು ಯಂತ್ರ ನಡೆಸುವುದು ಅಸಾಧ್ಯವಲ್ಲ.

ಒಡೆತನದ ಮಾತು

ಅಂಕೋಲೆಯ ನೆಲಕ್ಕೆ ಒಡೆತನದ ಪ್ರಶ್ನೆ ಹೊಸದಲ್ಲ. ಈ ತಾಲೂಕಿನವರೇ ಆದ ದಿನಕರ ದೇಸಾಯಿಯವರು ಸ್ವಾತಂತ್ರ್ಯಕ್ಕೆ ಮೊದಲೇ ಗೇಣಿದಾರರನ್ನು ಸಂಘಟಿಸಿದರು; ಅದಕ್ಕಾಗಿ ಗಡೀಪಾರಿನ ಶಿಕ್ಷೆಯನ್ನೂ ಅನುಭವಿಸಿದರು. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದಾಗ “ಉಳುವವನೇ ಹೊಲದೊಡೆಯ” ಎಂಬ ಮಾತು ಕಾನೂನಾಯಿತು. ಇಂದು ನಿಮ್ಮಲ್ಲಿ ಎಷ್ಟೋ ಮಂದಿಯ ಪಹಣಿಯಲ್ಲಿರುವ ಹೆಸರು ಆ ಹೋರಾಟದ ಫಲ.

ಆ ಕಾಯ್ದೆಯ ಹಿಂದಿದ್ದ ನ್ಯಾಯ ಸರಳವಾದುದು. ಬೆವರು ಸುರಿಸುವವನಿಗೆ ಫಲದಲ್ಲಿ ಹಕ್ಕಿದೆ. ಈಗ ಉಳುವುದು ಟಿಲ್ಲರ್, ನೆಡುವುದು ಯಂತ್ರ, ಕೊಯ್ಯುವುದು ಕಂಬೈನ್. ಉಳುವುದೇ ಯಂತ್ರವಾದಾಗ ಯಂತ್ರದ ಒಡೆಯನೇ ಗದ್ದೆಯ ಫಲದಲ್ಲಿ ದೊಡ್ಡ ಪಾಲು ಪಡೆಯುತ್ತಾನೆ. ಹಿಂದೆ ಗೇಣಿಯೆಂದು ಭತ್ತ ಅಳೆದುಕೊಟ್ಟೆವು, ಮುಂದೆ ಬಾಡಿಗೆಯೆಂದು ಹಣ ಎಣಿಸಿಕೊಡುವೆವು. ಗೇಣಿದಾರನಾಗಿದ್ದವನ ಮೊಮ್ಮಗ ಯಂತ್ರದ ಗೇಣಿದಾರನಾಗಬಾರದು. ಅವನ ಗದ್ದೆಯಲ್ಲಿ ದುಡಿದ ಹೆಂಗಸು ಬರಿಗೈಯಲ್ಲಿ ಮನೆಗೆ ಹೋಗಲೂಬಾರದು. ಈ ಎರಡಕ್ಕೂ ಪರಿಹಾರ ಒಂದೇ, ಯಂತ್ರ ಊರಿನದಾಗಬೇಕು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಿದೆ. ಯಂತ್ರ ತಾಲೂಕಿಗೆ ಬಂದಾಗಿದೆ, ನಿಮ್ಮ ಗದ್ದೆಗೂ ಬಂದೇ ಬರುತ್ತದೆ. ಅದು ಬರುವ ಮೊದಲು ಮೇ ತಿಂಗಳ ಒಂದು ಸಂಜೆ ನಿಮ್ಮ ಗದ್ದೆಬಯಲಿನವರನ್ನು ಸೇರಿಸಿ. ನಾಟಿಯ ಹೆಂಗಸರನ್ನೂ ಅದೇ ಚಾಪೆಯ ಮೇಲೆ ಕೂರಿಸಿ. ಬೀಳು ಗದ್ದೆ ಎಷ್ಟು, ಅಗೆ ಯಾರು ಬೆಳೆಸುತ್ತಾರೆ, ಯಂತ್ರ ಯಾರು ಓಡಿಸುತ್ತಾರೆ, ಉಳಿದ ಹಣ ಎಲ್ಲಿ ಇಡುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಆಮೇಲೆ ಯಂತ್ರಕ್ಕೆ ಹೇಳಿ ಕಳಿಸಿ.